ಗಂಟಲು ಕ್ಯಾನ್ಸರ್ ವೈರಸ್‌ನಿಂದಲೂ ಬರುತ್ತದಾ?

“ಬೀಡಿ ಮುಟ್ಟಿದವರಲ್ಲ, ಕುಡಿತವಿಲ್ಲ, ಆದರೂ ಗಂಟಲು ಕ್ಯಾನ್ಸರ್ ಅಂತೆ. ವೈರಸ್‌ನಿಂದ ಬಂದದ್ದು ಅಂತಾರೆ. ಹಾಗೂ ಉಂಟಾ? ಮನೆಯವರಿಗೂ ಅಂಟುತ್ತದಾ?” ಮಡಿಕೇರಿ, ವಿರಾಜಪೇಟೆ ಕಡೆಯವರು ಪದೇಪದೇ ಕೇಳುವ ಪ್ರಶ್ನೆ ಇದು.

ಉಂಟು. ಆದರೆ ಗಂಟಲಿನ ಯಾವ ಜಾಗ ಎಂಬುದನ್ನು ಮೊದಲು ಕೇಳಬೇಕು. ಟಾನ್ಸಿಲ್ ಮತ್ತು ನಾಲಗೆಯ ಬುಡದ ಕ್ಯಾನ್ಸರಿಗೆ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್), ಅದರಲ್ಲೂ 16ನೇ ಬಗೆ, ಕಾರಣವಾಗಬಲ್ಲದು ಎಂಬುದು ಸಾಬೀತಾದ ವಿಷಯ. ಗರ್ಭಕೊರಳಿನ ಕ್ಯಾನ್ಸರ್ ತರುವುದೂ ಇದೇ ವೈರಸ್. ಆ ನಂಟನ್ನು ತೋರಿಸಿದ ಹೆರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಮೂಗಿನ ಹಿಂಭಾಗದ ಕ್ಯಾನ್ಸರಿನಲ್ಲಿ ಎಪ್‌ಸ್ಟೀನ್-ಬಾರ್ ಎಂಬ ಬೇರೆ ವೈರಸ್ಸಿನ ಪಾತ್ರವಿದೆ. ಅದು ನಮ್ಮ ಕಡೆಗಿಂತ ನಾಗಾಲ್ಯಾಂಡ್ ಕಡೆ ಹೆಚ್ಚು. ಧ್ವನಿಪೆಟ್ಟಿಗೆ, ಕೆನ್ನೆ, ವಸಡಿನ ಕ್ಯಾನ್ಸರಿಗೆ ಮಾತ್ರ ಹಳೆಯ ಕಾರಣಗಳೇ ಮುಖ್ಯ: ಹೊಗೆಸೊಪ್ಪು, ಬೀಡಿ, ಅಡಿಕೆ, ಹೆಂಡ. ಹೊಗೆಸೊಪ್ಪು ಹಾಕದೆ ಬರೀ ಎಲೆ ಅಡಿಕೆ ಜಗಿದರೂ ಅಪಾಯ ತಪ್ಪಿದ್ದಲ್ಲ. ಮನೆಯಲ್ಲೇ ಮಾಡಿದ ವೈನ್‌ನಲ್ಲಿ ಇರುವುದೂ ಆಲ್ಕೋಹಾಲೇ. ವೈರಸ್ ಸುದ್ದಿ ಕೇಳಿ ಇವುಗಳ ಮೇಲಿನ ಅನುಮಾನ ಬಿಡುವ ಹಾಗಿಲ್ಲ.

ಟಾನ್ಸಿಲ್‌ನಲ್ಲಿ ಆಳವಾದ ಸಂದುಗಳಿವೆ. ಅಲ್ಲಿನ ಹೊದಿಕೆ ತೆಳು, ಅಲ್ಲಲ್ಲಿ ತೂತು, ಹಾಗಾಗಿ ವೈರಸ್ ಬುಡದ ಕೋಶಗಳಿಗೆ ಸುಲಭವಾಗಿ ತಲುಪುತ್ತದೆ. ಅದರ ಇ6 ಎಂಬ ಪ್ರೋಟೀನ್ ಕೋಶದ ಕಾವಲಿನ ಪಿ53ಯನ್ನು ನಾಶಮಾಡಿಸಿದರೆ, ಇ7 ಕೋಶದ ಬೆಳವಣಿಗೆಗಿರುವ ತಡೆಯನ್ನೇ ಕೀಳುತ್ತದೆ. ಸೋಂಕು ತಗಲಿದ ಬಹುಪಾಲು ಮಂದಿಯಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ. ಉಳಿದುಕೊಂಡ ಕೆಲವರಲ್ಲಿ ಕ್ಯಾನ್ಸರ್ ಆಗಲು ದಶಕಗಳೇ ಬೇಕು.

ಬಾಯಿಗೆ ಇದು ಹರಡುವುದು ಮುಖ್ಯವಾಗಿ ಮುಖಮೈಥುನದಿಂದ. ಲೋಟ, ತಟ್ಟೆ, ಹಾಸಿಗೆ ಬೇರೆ ಮಾಡುವುದು ಬೇಡ. ಕ್ಯಾನ್ಸರ್ ಅಂತೂ ಯಾರಿಗೂ ಅಂಟುವುದಿಲ್ಲ. ದಶಕಗಳ ಹಿಂದಿನ ಸೋಂಕಿಗೆ ಈಗ ಗಂಡ ಹೆಂಡತಿ ಒಬ್ಬರನ್ನೊಬ್ಬರು ಅನುಮಾನಿಸಿ ಜಗಳವಾಡುವುದರಲ್ಲೂ ಅರ್ಥವಿಲ್ಲ.

ಮೂಲ ಗಡ್ಡೆ ಆ ಸಂದಿನಲ್ಲೇ ಅಡಗಿರುವುದರಿಂದ ಎಷ್ಟೋ ಸಲ ಮೊದಲು ಕಾಣುವುದು ಕತ್ತಿನ ಪಕ್ಕದಲ್ಲಿ ನೋವಿಲ್ಲದ ಗಂಟು. ನಮ್ಮಲ್ಲಿ ತಡವಾಗುವುದೂ ಇಲ್ಲೇ. ಮಳೆಗಾಲದ ಶೀತಕ್ಕೆ ಗಂಟು ಬಂತು ಎಂದು ಆ್ಯಂಟಿಬಯೋಟಿಕ್ ಮೇಲೆ ಆ್ಯಂಟಿಬಯೋಟಿಕ್ ನುಂಗುತ್ತಾರೆ. ಗಂಟು, ಒಂದೇ ಬದಿಯ ಗಂಟಲು ನೋವು, ನುಂಗಲು ಕಷ್ಟ, ಕಿವಿಯಲ್ಲಿ ತೊಂದರೆಯಿಲ್ಲದಿದ್ದರೂ ಕಿವಿನೋವು, ಇವುಗಳಲ್ಲಿ ಒಂದು ಮೂರು ವಾರ ದಾಟಿದರೂ ಇಎನ್‌ಟಿ ಡಾಕ್ಟರ ಹತ್ತಿರ ಹೋಗಬೇಕು. ಸೂಜಿ ಹಾಕಿದಾಗ ಗಂಟಿನಿಂದ ಬರೀ ನೀರು ಬಂದು, “ಹುಟ್ಟಿನಿಂದ ಇದ್ದ ಚೀಲ” ಎಂದು ಕೈಬಿಡುವುದುಂಟು. ನಲವತ್ತು ದಾಟಿದವರಲ್ಲಿ ಹಾಗೆ ಬಿಡಬಾರದು. ಟಾನ್ಸಿಲ್, ನಾಲಗೆಯ ಬುಡ ಎರಡನ್ನೂ ನೋಡಿಸಬೇಕು.

ಬಯಾಪ್ಸಿಯಲ್ಲಿ ಟಾನ್ಸಿಲ್ ಅಥವಾ ನಾಲಗೆ ಬುಡದ ಕ್ಯಾನ್ಸರ್ ಎಂದು ಬಂದರೆ ಪಿ16 ಪರೀಕ್ಷೆ ಆಗಿದೆಯೇ ಎಂದು ಕೇಳಿ. ಪಿ16 ಕೋಶದೊಳಗಿನ ಒಂದು ಪ್ರೋಟೀನ್; ಅದು ಹೆಚ್ಚಿದ್ದರೆ ಕ್ಯಾನ್ಸರ್ ಎಚ್‌ಪಿವಿಯಿಂದ ಬಂದಿರಬಹುದು ಎಂಬ ಸುಳಿವು. ಸ್ಲೈಡಿಗೆ ಬಣ್ಣ ಹಾಕಿದಾಗ ಕ್ಯಾನ್ಸರ್ ಕೋಶಗಳಲ್ಲಿ ಕನಿಷ್ಠ ಶೇ. 70ರಷ್ಟು ಗಾಢವಾಗಿ ಕಂದಾದರೆ ಪಾಸಿಟಿವ್. ಅರ್ಧಂಬರ್ಧ ಬಣ್ಣ ಲೆಕ್ಕಕ್ಕಿಲ್ಲ. ಅಡಿಕೆ, ತಂಬಾಕಿನ ಕೇಸುಗಳೇ ಹೆಚ್ಚಿರುವ ಕಡೆ ಪಿ16 ಒಂದನ್ನೇ ನೆಚ್ಚಿದರೆ ಮೋಸವಾಗಬಹುದು; ಸಾಧ್ಯವಾದರೆ ಎಚ್‌ಪಿವಿ ಡಿಎನ್‌ಎ ಅಥವಾ ಆರ್‌ಎನ್‌ಎ ಪರೀಕ್ಷೆಯೂ ಆಗಲಿ. ಚಿಕಿತ್ಸೆಗೆ ಮೈಸೂರಿಗೋ ಮಂಗಳೂರಿಗೋ ಹೊರಡುವಾಗ ರಿಪೋರ್ಟ್ ಕಾಗದವಷ್ಟೇ ಸಾಲದು, ಬಯಾಪ್ಸಿಯ ಮಾಂಸದ ತುಣುಕನ್ನು ಇಟ್ಟಿರುವ ಮೇಣದ ಬ್ಲಾಕ್ ಮತ್ತು ಸ್ಲೈಡುಗಳನ್ನು ಲ್ಯಾಬಿನಿಂದ ಕೇಳಿ ಪಡೆದುಕೊಳ್ಳಿ. ಬ್ಲಾಕ್ ಇದ್ದರೆ ಈ ಪರೀಕ್ಷೆಗಳಿಗಾಗಿ ಮತ್ತೆ ಮಾಂಸ ತೆಗೆಯುವುದು ಸಾಮಾನ್ಯವಾಗಿ ತಪ್ಪುತ್ತದೆ.

ವೈರಸ್‌ನಿಂದ ಬಂದದ್ದು ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ಆದರೆ ಜೊತೆಗೆ ಧೂಮಪಾನವೂ ಇದ್ದವರಲ್ಲಿ ಆ ಲಾಭ ಇಳಿಯುತ್ತದೆ. ಹಾಗೆಂದು “ಔಷಧಿ ಕಡಿಮೆ ಮಾಡಿ” ಎಂದು ಡಾಕ್ಟರನ್ನು ಒತ್ತಾಯಿಸಬೇಡಿ: ರೇಡಿಯೇಷನ್ ಜೊತೆ ಕೊಡುವ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿಯ ಬದಲು, ಅಡ್ಡಪರಿಣಾಮ ಕಡಿಮೆಯಾದೀತೆಂದು ಸೆಟುಕ್ಸಿಮ್ಯಾಬ್ ಎಂಬ ಇನ್ನೊಂದು ಔಷಧಿ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಬದುಕುಳಿದವರು ಕಡಿಮೆಯಾದರು.

ಎಚ್‌ಪಿವಿ ಲಸಿಕೆ ಗಂಡುಮಕ್ಕಳಿಗೂ ಕೊಡಬಹುದು. 9ರಿಂದ 14 ವರ್ಷದೊಳಗೆ ಶುರು ಮಾಡಿದರೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್, 15ರ ನಂತರ ಮೂರು. ಇರುವ ಸೋಂಕನ್ನಾಗಲಿ ಕ್ಯಾನ್ಸರನ್ನಾಗಲಿ ಅದು ವಾಸಿಮಾಡುವುದಿಲ್ಲ. ಗರ್ಭಕೊರಳಿಗೆ ಮಾಡುವ ಪ್ಯಾಪ್ ಟೆಸ್ಟಿನಂಥ ತಪಾಸಣೆ ಗಂಟಲಿಗೆ ಇಲ್ಲ. ರೋಗಿಯ ಹೆಂಡತಿ ಎಲ್ಲ ಹೆಂಗಸರಂತೆ ತಮ್ಮ ವಯಸ್ಸಿಗೆ ತಕ್ಕ ಗರ್ಭಕೊರಳಿನ ತಪಾಸಣೆ ಮಾಡಿಸಿಕೊಂಡರೆ ಸಾಕು.