ಕಲ್ಲೂ ಹಳಸುತ್ತಾ?

ಇಂಗ್ಲೆಂಡಿನ ಈ ಬೀದಿಯಲ್ಲಿ ಪಕ್ಕದ ಮನೆಯವರೂ ಕನ್ನಡದವರೇ. ಕಳೆದ ಶನಿವಾರ ಅವರ ಎಂಟು ವರ್ಷದ ಮಗಳು ಕೇಳಿದ ಪ್ರಶ್ನೆ ಇದು. ತುಕ್ಕು ಹಿಡಿದ ಗೇಟಿನ ಬೋಲ್ಟು ಕತ್ತರಿಸಲು ಅಪ್ಪ ಕೈ ಗ್ರೈಂಡರ್ ಹೊರಗಿಟ್ಟಿದ್ದರು. ಹುಡುಗಿ ಪೆಟ್ಟಿಗೆಯಿಂದ ಒಂದು ಕಟಿಂಗ್ ಡಿಸ್ಕ್ ಎತ್ತಿಕೊಂಡಳು. ನಡುವಿನ ತೂತಿನ ಸುತ್ತ ಇರುವ ತಗಡಿನ ಬಳೆಯ ಮೇಲೆ ಒತ್ತಿದ್ದ ತಿಂಗಳು, ಇಸವಿಯನ್ನು ಓದಿ, "ಅಪ್ಪಾ, ಇದರ ಡೇಟ್ ಮುಗಿದಿದೆ. ಕಲ್ಲೂ ಹಳಸುತ್ತಾ?" ಅಂದಳು. ಅಪ್ಪ ಮಾತಾಡದೆ ಆ ಡಿಸ್ಕನ್ನು ಪಕ್ಕಕ್ಕಿಟ್ಟು ಬೇರೆಯದನ್ನು ತೆಗೆದರು.

ಹಳಸುತ್ತದೆ. ಕಟಿಂಗ್ ಡಿಸ್ಕ್ ಕಲ್ಲಲ್ಲ. ಗಟ್ಟಿ ಹರಳುಗಳನ್ನು ರಾಳದಿಂದ ಅಂಟಿಸಿ, ಒಳಗೆ ಗಾಜಿನ ನಾರಿನ ಬಲೆ ಇಟ್ಟು ಬೇಯಿಸಿದ ಬಿಲ್ಲೆ ಅದು. ರಾಳ ಗಾಳಿಯ ತೇವ ಹೀರಿಕೊಳ್ಳುತ್ತಾ ಹಿಡಿತ ಬಿಡುತ್ತದೆ. ಅದಕ್ಕೇ ಕೈ ಯಂತ್ರದ ಇಂಥ ಡಿಸ್ಕಿಗೆ ತಯಾರಾದಂದಿನಿಂದ ಹೆಚ್ಚೆಂದರೆ 3 ವರ್ಷದ ಆಯುಸ್ಸು. ಹಳತಾದದ್ದು ನೋಡಲು ಹೊಸದರಂತೆಯೇ ಇರುತ್ತದೆ; ಅಪಾಯ ಇರುವುದೇ ಅಲ್ಲಿ. ಸೀಮೆಂಟ್ ನೆಲದ ಮೇಲೆ, ಸೋರುವ ಶೆಡ್ಡಿನಲ್ಲಿ ಇಟ್ಟದ್ದು ದಿನಾಂಕಕ್ಕೂ ಮೊದಲೇ ಕೆಡಬಹುದು. ಒಣಗಿದ ಜಾಗದಲ್ಲಿ, ಚಪ್ಪಟೆಯಾಗಿ ಒಂದರ ಮೇಲೊಂದು ಇಡಬೇಕು.

ಡಿಸ್ಕಿನ ಮೇಲೆ ಓದಬೇಕಾದ ಇನ್ನೊಂದು ಅಂಕಿ ವೇಗದ್ದು. ಸೆಕೆಂಡಿಗೆ 80 ಮೀಟರ್ ಎಂದಿದ್ದರೆ ಅದು ಅಂಚಿನ ವೇಗದ ಮಿತಿ, ಗಂಟೆಗೆ 288 ಕಿಲೋಮೀಟರ್. 115 ಮಿಲಿಮೀಟರ್ ಡಿಸ್ಕಿಗೆ ಇದು ನಿಮಿಷಕ್ಕೆ ಸುಮಾರು 13,300 ಸುತ್ತು. 230ರದಕ್ಕೆ 6,600 ಮಾತ್ರ. ಈಗ, ನಮ್ಮ ಕಡೆಯ ಕೆಲಸದ ಜಾಗಗಳಲ್ಲಿ ಎಷ್ಟೋ ಸಲ ಕಣ್ಣಿಗೆ ಬೀಳುವ ದೃಶ್ಯ ನೆನಪಿಸಿಕೊಳ್ಳಿ: ಸಣ್ಣ ಗ್ರೈಂಡರಿನ ಗಾರ್ಡ್ (ಡಿಸ್ಕಿಗೆ ಮುಚ್ಚಿದ ತಗಡಿನ ಕವಚ) ಬಿಚ್ಚಿ, ಆಳ ಸಾಲದೆಂದು ದೊಡ್ಡ ಡಿಸ್ಕ್ ಹಾಕಿರುವುದು. 11,000 ಸುತ್ತಿನ ಯಂತ್ರಕ್ಕೆ 230ರ ಡಿಸ್ಕ್ ಹಾಕಿದರೆ ಅಂಚಿನ ವೇಗ ಸೆಕೆಂಡಿಗೆ 132 ಮೀಟರ್ ದಾಟುತ್ತದೆ. ಡಿಸ್ಕನ್ನು ಒಳಗಿನಿಂದ ಸೀಳುವ ಸೆಳೆತ ವೇಗದ ವರ್ಗದಂತೆ (ವೇಗ ಎರಡು ಪಟ್ಟಾದರೆ ಸೆಳೆತ ನಾಲ್ಕು ಪಟ್ಟು) ಏರುವುದರಿಂದ, ಆ ಸೆಳೆತ ಮಿತಿಯ ಎರಡೂವರೆ ಪಟ್ಟಿಗಿಂತ ಹೆಚ್ಚು. ಡಿಸ್ಕ್ ಒಡೆದರೆ ಚೂರನ್ನು ತಡೆಯಬೇಕಿದ್ದ ಗಾರ್ಡ್ ನೆಲದ ಮೇಲೆ ಬಿದ್ದಿರುತ್ತದೆ.

ಕನ್ನಡಕ ಇದೆಯಲ್ಲ ಅನ್ನುವವರಿದ್ದಾರೆ. ಸುರಕ್ಷತೆ ಅಂದ ಕೂಡಲೇ ನಮಗೆ ಹೊಳೆಯುವುದೂ ಅದೇ. ಆದರೆ ಕನ್ನಡಕದ ಮೇಲಿರುವ ಅಕ್ಷರವನ್ನು ಓದಿ. ಯುರೋಪಿನ ಇಎನ್ 166 ಎಂಬ ಕಣ್ಣಿನ ರಕ್ಷಣೆಯ ಮಾನದಂಡದ ಗುರುತಿನಲ್ಲಿ 'ಎಫ್' ಅಂದರೆ ಒಂದು ಗ್ರಾಮಿಗೂ ಕಡಿಮೆ ತೂಗುವ, 6 ಮಿಲಿಮೀಟರಿನ ಉಕ್ಕಿನ ಗುಂಡನ್ನು ಸೆಕೆಂಡಿಗೆ 45 ಮೀಟರ್ ವೇಗದಲ್ಲಿ ಹೊಡೆದು ಪರೀಕ್ಷಿಸಿದ್ದು. 'ಬಿ' ಅಂದರೆ 120 ಮೀಟರ್ ವೇಗದಲ್ಲಿ. ಒಡೆದ ಡಿಸ್ಕಿನ ಚೂರು ಆ ಗುಂಡಿಗಿಂತ ಎಷ್ಟೋ ಪಾಲು ಭಾರ. ಕನ್ನಡಕ ಇರುವುದು ಕಿಡಿಗೆ, ಹರಳಿಗೆ. ಚೂರಿಗೆ ಇರುವುದು ಗಾರ್ಡ್ ಒಂದೇ. ಹಾಗಂತ ಕನ್ನಡಕ ಬೇಡವೆಂದಲ್ಲ. ಬದಿಗಳೂ ಮುಚ್ಚುವ ಕನ್ನಡಕ, ಅದರ ಮೇಲೆ ಇಡೀ ಮುಖ ಮುಚ್ಚುವ 'ಬಿ' ಗುರುತಿನ ಪಾರದರ್ಶಕ ಮುಖಗವಸು, ಎರಡೂ ಬೇಕು. ಗವಸಿನ ಕೆಳಗಿನಿಂದ ನುಗ್ಗುವ ಕಿಡಿಯೇ ಕಣ್ಣಿಗೆ ಅಂಟಿ ತುಕ್ಕಿನ ಉಂಗುರ ಮೂಡಿಸುತ್ತದೆ.

ಇಲ್ಲಿ ಯಾರಾದರೂ ಕೆಲಸಕ್ಕಾಗಿ ಗ್ರೈಂಡರ್ ಹಿಡಿಯುವ ಮೊದಲು, ಅಪಾಯಗಳನ್ನು ಗುರುತಿಸಿ ತಗ್ಗಿಸುವ ರಿಸ್ಕ್ ಅಸೆಸ್‌ಮೆಂಟ್ ಆಗಿರಬೇಕು. ಎಲ್ಲಕ್ಕಿಂತ ಮೊದಲ ಪ್ರಶ್ನೆ, ಇದನ್ನು ಗ್ರೈಂಡರಿನಲ್ಲೇ ಕತ್ತರಿಸಬೇಕೇ, ಹ್ಯಾಕ್‌ಸಾ ಸಾಲದೇ ಎಂಬುದು. ಕಿಡಿ ಬೀಳುವ ಕಡೆ ಬಣ್ಣದ ಡಬ್ಬ, ಒಣ ಎಲೆ, ಗ್ಯಾಸ್ ಇದೆಯೇ? ತುಂಡು ಬೀಳುವಾಗ ಸೀಳು ಮುಚ್ಚಿಕೊಂಡು ಡಿಸ್ಕನ್ನು ಕಚ್ಚುತ್ತದೆಯೇ? ಕಚ್ಚಿದರೆ ಯಂತ್ರ ಹಿಂದಕ್ಕೆ ಎಗರುತ್ತದೆ, ಒಂದೇ ಕೈಯಲ್ಲಿ ಹಿಡಿದವರ ತೊಡೆಗೋ ಕತ್ತಿಗೋ ಬರುತ್ತದೆ. ಪಕ್ಕದ ಹಿಡಿಕೆ ಬಿಚ್ಚಬಾರದು ಅನ್ನುವುದು ಇದಕ್ಕೇ. ರಕ್ಷಣಾ ಸಾಧನದ ಮಾತು ಬರುವುದು ಇದೆಲ್ಲ ಆದ ಮೇಲೆ, ಕಟ್ಟಕಡೆಗೆ.

ಮೇಜಿಗೆ ಬಿಗಿದಿಡುವ ಬೆಂಚ್ ಗ್ರೈಂಡರಿನ ಸಾಣೆಚಕ್ರದ ಲೆಕ್ಕ ಬೇರೆ. ಪಿಂಗಾಣಿಯಂತೆ ಸುಟ್ಟ ಈ ಚಕ್ರ ಕೆಳಗೆ ಬಿದ್ದರೆ ಒಳಗೊಳಗೇ ಬಿರಿಯುತ್ತದೆ. ಸಂತೆಯಲ್ಲಿ ಮಡಕೆ ತಟ್ಟಿ ನೋಡುವ ಹಾಗೆ, ಬೆರಳಿಗೆ ತೂಗುಹಾಕಿ ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಮೆಲ್ಲಗೆ ತಟ್ಟಬೇಕು. ಗಟ್ಟಿ ಚಕ್ರ ಟಣ್ ಎನ್ನುತ್ತದೆ, ಬಿರುಕಿನದು ಬೊದ್ದೆಂದು ಸತ್ತ ದನಿ ಕೊಡುತ್ತದೆ. ಚಕ್ರ ಒಣಗಿರಬೇಕು, ಒದ್ದೆಯಾದದ್ದು ಸರಿಯಿದ್ದರೂ ಮೊಂಡಾಗಿ ಕೇಳುತ್ತದೆ. ಕೂರಿಸುವಾಗ ಎರಡೂ ಬದಿಯ ಕಾಗದದ ಬಿಲ್ಲೆಗಳನ್ನು ಕಿತ್ತೆಸೆಯಬಾರದು, ಒತ್ತಡ ಸಮನಾಗಿ ಹಂಚುವುದು ಅವೇ. ತುಂಡನ್ನು ಊರುವ ಪಟ್ಟಿಗೂ (ಟೂಲ್ ರೆಸ್ಟ್) ಚಕ್ರಕ್ಕೂ ನಡುವಿನ ಸಂದು 3 ಮಿಲಿಮೀಟರ್ ಮೀರಬಾರದು. ಚಕ್ರ ಸವೆದಂತೆ ಯಂತ್ರ ನಿಲ್ಲಿಸಿ ಹತ್ತಿರ ತರುತ್ತಿರಬೇಕು, ಇಲ್ಲದಿದ್ದರೆ ತುಂಡು ಬೆರಳ ಸಮೇತ ಒಳಗೆ ಎಳೆದುಕೊಂಡು ಹೋಗುತ್ತದೆ. ಬಟ್ಟೆಯ ಕೈಗವಸು ಇಲ್ಲಿ ಶತ್ರು. ಹೊಸ ಚಕ್ರ ಹಾಕಿದ ಮೇಲೆ ಪಕ್ಕಕ್ಕೆ ಸರಿದು ನಿಂತು ಒಂದು ನಿಮಿಷವಾದರೂ ಖಾಲಿ ತಿರುಗಿಸಬೇಕು.

ಗ್ರೈಂಡರಿನ ಸದ್ದು ಸುಲಭವಾಗಿ 95 ಡೆಸಿಬಲ್ ದಾಟುತ್ತದೆ. ಇಲ್ಲಿ 85ಕ್ಕೇ ಕಿವಿರಕ್ಷೆ ಕಡ್ಡಾಯ. ಗ್ರಾನೈಟು, ಟೈಲ್ಸ್ ಕತ್ತರಿಸುವಾಗ ಏಳುವ ಸಿಲಿಕಾ ಧೂಳಿನಲ್ಲಿ ಶ್ವಾಸಕೋಶ ಕೆಡಿಸುವ ಕಣ ಕಣ್ಣಿಗೇ ಕಾಣದು. ಮುಖಕ್ಕೆ ಸುತ್ತಿದ ಟವೆಲ್ಲಿನಿಂದ ಅದು ನಿಲ್ಲುವುದಿಲ್ಲ. ಅದಕ್ಕೆಂದೇ ಮಾಡಿದ ಯಂತ್ರದಲ್ಲಿ ನೀರು ಹರಿಸಿ ಕತ್ತರಿಸಬೇಕು, ನವುರು ಧೂಳು ಸೋಸುವ ಎಫ್‌ಎಫ್‌ಪಿ 3 ಮಾಸ್ಕ್ ಮುಖಕ್ಕೆ ಅಂಟಿ ಕೂರಬೇಕು. ಎರಡು ದಿನದ ಗಡ್ಡ ಇದ್ದರೂ ಗಾಳಿ ಅಂಚಿನಿಂದ ನುಸುಳುತ್ತದೆ.

ನೋವಾಗುವುದು ಇದನ್ನೆಲ್ಲ ಹೊರಗಿನವರು ಬಂದು ಹೇಳಿಕೊಡಬೇಕಿರಲಿಲ್ಲ ಎಂಬುದಕ್ಕೆ. ನಮ್ಮ 1948ರ ಕಾರ್ಖಾನೆ ಕಾಯ್ದೆಯ 30ನೇ ಸೆಕ್ಷನ್ನೇ, ಪ್ರತಿ ಸಾಣೆಯಂತ್ರದ ಬಳಿ ಚಕ್ರದ ಸುರಕ್ಷಿತ ಅಂಚಿನ ವೇಗವನ್ನು ಬರೆದು ಹಾಕಬೇಕೆಂದಿತ್ತು. 35ನೇ ಸೆಕ್ಷನ್ ಕಣ್ಣಿನ ರಕ್ಷಣೆಗೇ ಮೀಸಲಾಗಿತ್ತು. ಬ್ರಿಟನ್ನಿನಲ್ಲಿ ಈ ಚಕ್ರಗಳಿಗೆಂದೇ ನಿಯಮಾವಳಿ ಬಂದದ್ದು 1970ರಲ್ಲಿ. ನಮ್ಮಲ್ಲಿ ಕಾಗದಕ್ಕೆ ಕೊರತೆ ಇರಲಿಲ್ಲ. ಆ ಕಾಗದ ಕಾರ್ಖಾನೆಯ ಗೋಡೆ ದಾಟಿ ರಸ್ತೆ ಬದಿಯ ವೆಲ್ಡಿಂಗ್ ಅಂಗಡಿಗೆ, ಚಪ್ಪಲಿಯಲ್ಲೇ ಕಿಡಿ ತುಳಿಯುತ್ತಾ ಕೂತ ಹುಡುಗನ ತನಕ ಬರಲೇ ಇಲ್ಲ.

ಬೋಲ್ಟು ತುಂಡಾಯಿತು. ಸ್ವಿಚ್ ಆರಿಸಿದ ಮೇಲೂ ಡಿಸ್ಕ್ ಸುತ್ತುತ್ತಲೇ ಇತ್ತು. ಪೂರ್ತಿ ನಿಂತ ಮೇಲೆ ಯಂತ್ರವನ್ನು ಕೆಳಗಿಟ್ಟರು. ಆಮೇಲೆ, ಕನ್ನಡಕ ತೆಗೆಯದೆಯೇ, ಆ ಹಳೆಯ ಡಿಸ್ಕನ್ನು ಇಕ್ಕಳದಲ್ಲಿ ಹಿಡಿದು ಎರಡಾಗಿ ಮುರಿದು ಕಸಕ್ಕೆ ಹಾಕಿದರು, ಇನ್ನಾರೂ ಎತ್ತಿ ಬಳಸದಂತೆ. ಹುಡುಗಿ ಅಷ್ಟರಲ್ಲಿ ಪೆಟ್ಟಿಗೆಯ ಉಳಿದ ಡಿಸ್ಕುಗಳ ಇಸವಿಗಳನ್ನು ಗಟ್ಟಿಯಾಗಿ ಓದುತ್ತಾ ಎರಡು ಗುಡ್ಡೆ ಮಾಡುತ್ತಿದ್ದಳು.