ಅಮ್ಮನ ಹಣೆಯ ಬುಗುಟು

ಕಳೆದ ತಿಂಗಳು ಬಚ್ಚಲಿನ ಹೊಸ್ತಿಲು ಎಡವಿ ಅಮ್ಮ ಬಿದ್ದರು. ಹಣೆಯ ಮೇಲೆ ನೆಲ್ಲಿಕಾಯಿ ಗಾತ್ರದ ಬುಗುಟು; ಗಾಯವಿಲ್ಲ, ಎಚ್ಚರವೂ ತಪ್ಪಿರಲಿಲ್ಲ. "ಕೊಬ್ಬರಿ ಎಣ್ಣೆ ಹಚ್ಚು ಸಾಕು, ಒಲೆಯ ಮೇಲೆ ಹಾಲಿದೆ ನೋಡು" ಎಂದರು.

ನನಗೆ ಕೈಕಾಲು ತಣ್ಣಗಾಯಿತು. ಅಮ್ಮನ ಹೃದಯದಲ್ಲಿ ಲೋಹದ ಕವಾಟವಿದೆ. ಅದರ ಮೇಲೆ ರಕ್ತ ಹೆಪ್ಪುಗಟ್ಟದಿರಲೆಂದು ದಿನವೂ ಸಂಜೆ ವಾರ್ಫರಿನ್ ನುಂಗುತ್ತಾರೆ. ತಲೆಬುರುಡೆಯೊಳಗೆ ಸಣ್ಣ ನಾಳ ಒಡೆದರೆ ಅದೇ ಮಾತ್ರೆ ರಕ್ತವನ್ನು ಬೇಗ ನಿಲ್ಲಗೊಡುವುದಿಲ್ಲ. ವಯಸ್ಸಾದವರ ಮಿದುಳು ಕುಗ್ಗಿರುವುದರಿಂದ ಸುತ್ತ ಜಾಗ ಹೆಚ್ಚು. ರಕ್ತ ಸದ್ದಿಲ್ಲದೆ ಸೇರುತ್ತಾ ಹೋಗಿ, ಲಕ್ಷಣ ಕಾಣಿಸಲು ವಾರಗಳೇ ಹಿಡಿಯಬಹುದು.

ಆಟೊ ಹತ್ತಿಸಿದೆ. ತುರ್ತು ವಿಭಾಗದಲ್ಲಿ ನಾನು ಮೊದಲು ಹೇಳಿದ್ದೇ ಮಾತ್ರೆಯ ಹೆಸರು. ಸಿ.ಟಿ. ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಕಾಣಲಿಲ್ಲ. ಆದರೆ ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆಂದು ತೋರಿಸುವ ಅಂಕಿ, ಐಎನ್‌ಆರ್, 4.1! ಅಮ್ಮನಿಗೆ ನಿಗದಿಯಾಗಿದ್ದು 2.5ರಿಂದ 3.5. ಹಿಂದಿನ ವಾರ ಹೊಟ್ಟೆ ಕೆಟ್ಟಾಗ ಮೆಟ್ರೊನಿಡಜೋಲ್ ನುಂಗಿದ್ದರು. ಅದು ವಾರ್ಫರಿನ್‌ನ ಬಲ ಹೆಚ್ಚಿಸುತ್ತದೆಂದು ನಮಗಾರಿಗೂ ಹೊಳೆದಿರಲಿಲ್ಲ.

ರಾತ್ರಿಯಿಡೀ ನರ್ಸ್ ಬಂದು ಕಣ್ಣಿಗೆ ಟಾರ್ಚ್ ಹಿಡಿದು, "ಅಜ್ಜಿ, ಯಾವ ಊರು?" ಎಂದು ಕೇಳುತ್ತಿದ್ದರು. "ತೀರ್ಥಹಳ್ಳಿ" ಎಂಬ ಉತ್ತರ ಬಂದಾಗಲೆಲ್ಲ ನಾನು ಉಸಿರು ಬಿಡುತ್ತಿದ್ದೆ. ಅಂದು ವೈದ್ಯರೇ ಡೋಸ್ ತಡೆಹಿಡಿದರು. ಭಯಬಿದ್ದು ನಾವಾಗಿಯೇ ಮಾತ್ರೆ ನಿಲ್ಲಿಸಿದರೆ ಕವಾಟದಲ್ಲೇ ಹೆಪ್ಪುಗಟ್ಟಬಹುದು, ಖಂಡಿತ ಹಾಗೆ ಮಾಡಬೇಡಿ ಎಂದರು. ತಲೆನೋವು, ವಾಂತಿ, ತೊದಲು, ಅತಿಯಾದ ಮಂಪರು ಕಂಡರೆ ತಕ್ಷಣ ಮರಳಿ ಬರಬೇಕೆಂದರು.

ಈಗ ಅಮ್ಮನ ಪರ್ಸಿನಲ್ಲಿ, ಕುಂಕುಮದ ಡಬ್ಬಿಯ ಪಕ್ಕ, ಕೆಂಪು ಶಾಯಿಯಲ್ಲಿ ಬರೆದ ಚೀಟಿಯಿದೆ: ವಾರ್ಫರಿನ್.