ನಾವೇನು ಪಬ್ಲಿಕ್ ಅಲ್ವೇನಪ್ಪಾ

ಸೋಮವಾರ ಅಪ್ಪನ್ನ ಕರ್ಕೊಂಡು ಕೋರ್ಟಿಗೆ ಹೋಗಿದ್ದೆ, ಅದೇ ಪಾಲಿನ ಕೇಸು. ಹತ್ತಕ್ಕೇ ಹೋಗಿ ಮರದ ಕೆಳಗೆ ಕೂತ್ವಿ. ಹನ್ನೆರಡೂವರೆಗೆ ವಕೀಲರ ಜೂನಿಯರ್ ಹುಡುಗ ಓಡ್ತಾ ಬಂದು "ವಾಯಿದೆ ತಗೊಂಡಿದೀವಿ ಅಂಕಲ್, ಮುಂದಿನ ತಿಂಗ್ಳು ಬನ್ನಿ, ಸಾರ್ ಈಗ ಫುಲ್ ಪಬ್ಲಿಕ್ ಲೈಫಲ್ಲಿದಾರೆ" ಅಂದ. ಅಪ್ಪ ಬಾಯಲ್ಲಿದ್ದ ಎಲೆಅಡಿಕೆ ಒಂದ್ಕಡೆ ಸರಿಸ್ಕೊಂಡು ನಿಧಾನಕ್ಕೆ "ನಾವೇನು ಪಬ್ಲಿಕ್ ಅಲ್ವೇನಪ್ಪಾ?" ಅಂದ್ರು.

ಹುಡುಗ ನಕ್ಬಿಟ್ಟ. ಅವನ ತಪ್ಪೇನಿಲ್ಲ ಬಿಡಿ, ಒಳ್ಳೇ ಹುಡುಗ, ನಮ್ ಫೈಲು ಅವನಿಗಾದ್ರೂ ನೆನಪಿದೆ. ವಕೀಲ ಸಾಹೇಬ್ರು ಮಾತ್ರ ಗೇಟಿನೆದುರು ಎಲೆಕ್ಷನ್ ಫ್ಲೆಕ್ಸಲ್ಲಿ ಕರಿಕೋಟು ಹಾಕ್ಕೊಂಡು ಕೈ ಮುಗೀತಾ ನಿಂತಿದ್ರು. ಕೋರ್ಟ್ ಒಳಗೆ ಆ ಕೋಟು ನೋಡಿ ಎಷ್ಟು ತಿಂಗಳಾಯ್ತೋ.

ವಾಪಸ್ ಬರ್ತಾ ಹೈವೇಲಿ ಸೀಬಾರದ ಹತ್ರ ನಿಜಲಿಂಗಪ್ಪನವರ ಸ್ಮಾರಕ ಕಾಣ್ತು. ಅಪ್ಪ ಯಾವಾಗ್ಲೂ ಅಲ್ಲಿ ಬಸ್ಸೊಳಗಿಂದ್ಲೇ ಕೈ ಮುಗೀತಾರೆ, ಅವತ್ತು "ಇವ್ರೂ ಲಾಯರ್ರೇ ಕಣೋ" ಅಂದ್ರು. ಹೌದಲ್ಲ. ಪುಣೆಲಿ ಲಾ ಓದಿ 1926ರಲ್ಲಿ ಮುಗಿಸ್ಕೊಂಡು ದುರ್ಗದಲ್ಲಿ ವಕೀಲಿ ಮಾಡ್ತಿದ್ದೋರು, 1939ರಲ್ಲಿ ತುರುವನೂರಲ್ಲಿ ಹೆಂಡದ ವಿರುದ್ಧ ಈಚಲುಮರ ಕಡಿಯೋ ಸತ್ಯಾಗ್ರಹ ಮಾಡಿ ಅರೆಸ್ಟ್ ಆದ್ರು. ಕಾನೂನು ಗೊತ್ತಿದ್ದೋರು ಬೇಕಂತ್ಲೇ ಕಾನೂನು ಮುರಿದಿದ್ದು. ನಮ್ ಸಾಹೇಬ್ರು ಮುರಿದಿರೋದು ನಮ್ ವಾಯಿದೆ ಮಾತ್ರ.

ಹಂಗಂತ ನಿಜಲಿಂಗಪ್ಪನೋರಿಗೆ ಪಬ್ಲಿಕ್ಕು ಏನೂ ರಿಯಾಯಿತಿ ಕೊಟ್ಟಿಲ್ಲ. 1956ರ ನವೆಂಬರ್ 1ಕ್ಕೆ ಒಂದಾದ ರಾಜ್ಯಕ್ಕೆ ಮೊದಲನೇ ಮುಖ್ಯಮಂತ್ರಿ ಆದೋರನ್ನ 1962ರಲ್ಲಿ ಪಕ್ಕದ ಹೊಸದುರ್ಗದವರೇ ಸೋಲಿಸಿದ್ರು! ಎಸ್.ಆರ್. ಕಂಠಿ ಮೂರು ತಿಂಗಳು ಮುಖ್ಯಮಂತ್ರಿ ಆಗಿ ಕುರ್ಚಿ ಕಾದ್ರು, ಇವ್ರು ಬಾಗಲಕೋಟೆಯಿಂದ ಗೆದ್ದು ಬಂದು ಕೂತ್ರು. ಅಂದ್ರೆ ಆಗ್ಲೂ ಅಡ್ಜಸ್ಟ್‌ಮೆಂಟ್ ಇತ್ತು, ಎಲ್ಲಾ ದೇವರಂಥೋರು ಅಂತ ನಾನೇನೂ ಹೇಳಲ್ಲ. ಮುಂದೆ 1969ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿ ಇಂದಿರಾ ಗಾಂಧಿಯವರನ್ನೇ ಪಕ್ಷದಿಂದ ಹೊರಗೆ ಹಾಕಿದ್ರು, ಕೊನೆಗೆ ಪಬ್ಲಿಕ್ಕು ಹೋಗಿದ್ದು ಇಂದಿರಾ ಹಿಂದೆ. ಯಾರು ಕೇಸ್ ಗೆದ್ರು ಅಂತ ಹೆಂಗ್ ಹೇಳ್ತೀರಿ.

ನಂಗೆ ಸಿಟ್ಟು ಬರೋದು ರಾಜಕೀಯಕ್ಕೆ ಹೋದ್ರು ಅಂತಲ್ಲ. ಹೋಗ್ಲಿ ಬಿಡಿ, ಇಷ್ಟು ವರ್ಷ ಊರವರ ಜಗಳ ಕೇಳಿ ಕೇಳಿ ಯಾರ್ ಮನೇಲಿ ಏನು ತೊಂದ್ರೆ ಅಂತ ವಕೀಲರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ? ಆದ್ರೆ ಹೋಗೋಕ್ ಮುಂಚೆ ಫೈಲು ವಾಪಸ್ ಕೊಟ್ಟು ಬೇರೆಯವ್ರನ್ನ ನೋಡ್ಕೊಳ್ಳಿ ಅನ್ನೋಕೆ ಏನಾಗಿತ್ತು? ಬೆಳಗ್ಗೆ ನಾಲ್ಕಕ್ಕೆದ್ದು ಬುತ್ತಿ ಕಟ್ಕೊಂಡು ಬರೋ ಮನುಷ್ಯನಿಗೆ ಪಬ್ಲಿಕ್ ಲೈಫ್ ಅಂತಾರಲ್ಲ. ಮೂರು ದಿನದಿಂದ ಅದೇ ಮಾತು ಕಿವೀಲಿ, ನಾವೇನು ಪಬ್ಲಿಕ್ ಅಲ್ವೇನಪ್ಪಾ.

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ವೋಟ್ ಕೇಳಕ್ಕೆ ಮನೆಗೇ ಬರ್ತಾರಲ್ಲ, ಏನ್ ಮಾಡ್ತೀರಾ ಅಂದೆ. ಅಪ್ಪ ಮುದ್ದೆ ಮುರೀತಾ, "ಬರ್ಲಿ. ಮುಂದಿನ ತಿಂಗ್ಳು ಬನ್ನಿ ಅಂತೀನಿ" ಅಂದ್ರು.